ಬಟನ್ ಇಲ್ಲದ ಪರೀಕ್ಷೆ

ಗಂಡನ ಕಿವಿ ಪೂರ್ತಿ ಹೋಗಿರಲಿ ಎಂದು ಬೇಡಿಕೊಳ್ಳುವ ಹೆಂಡತಿ ಎಲ್ಲಾದರೂ ಇರುತ್ತಾಳೆಯೇ? ಇದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೈಚೀಲ ಅವುಚಿಕೊಂಡು ಕುಳಿತು ಅದನ್ನೇ ಬೇಡುತ್ತಿದ್ದಳು.

ಮಗಳು ಮನೆಯವರ ಮಾತು ಮೀರಿ ಮದುವೆಯಾದವಳು. ಹೋದ ವರ್ಷ ಒಂದು ಸಂಜೆ ಗಂಡನ ಹೊಡೆತ ತಾಳಲಾರದೆ ಓಡಿಬಂದು ತವರಿನ ಬಾಗಿಲು ಬಡಿದಳು. ಅಮ್ಮ ತನ್ನ ತಂಗಿಯ ಮನೆಗೆ ಹೋಗಿದ್ದಳು. ಅಪ್ಪ ಒಳಗೇ ಇದ್ದ, ಬಾಗಿಲು ತೆರೆಯಲಿಲ್ಲ. ಮಗಳು ಬಂದ ದಾರಿಯಲ್ಲೇ ಹಿಂದಿರುಗಿದಳು. ಮಾರನೆಯ ದಿನ ಹೆಣವಾಗಿದ್ದಳು.

"ನಂಗೆ ಕೇಳಿಸ್ಲೇ ಇಲ್ಲ" ಎಂದ ಅಪ್ಪ. ಜೀವಮಾನವಿಡೀ ನೇಯ್ಗೆ ಗಿರಣಿಯ ಗದ್ದಲದಲ್ಲಿ ದುಡಿದವನು, ಕಿವಿ ಮಂದವಾದರೆ ಆಶ್ಚರ್ಯವೇನು? ಹೆಂಡತಿ ನಂಬಿದಳು. ನಂಬದಿದ್ದರೆ ಆ ಮನುಷ್ಯನಿಗೆ ಹೊತ್ತುಹೊತ್ತಿಗೆ ಬೇಯಿಸಿ ಬಡಿಸುವುದಾದರೂ ಹೇಗೆ?

ತಂಗಿ ನಂಬಲಿಲ್ಲ. "ಊಟಕ್ಕೆ ಕರೆದಾಗ ಮಾತ್ರ ಭಾವನ ಕಿವಿ ನೆಟ್ಟಗಿರುತ್ತಲ್ಲೇ ಅಕ್ಕಾ!"

ಅವಳ ಬಾಯಿ ಮುಚ್ಚಿಸಲೆಂದೇ ಈ ಓಡಾಟ. ಮೊದಲ ಪರೀಕ್ಷೆಯಲ್ಲಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿ ಎಂದಿದ್ದರು. ಪುಣ್ಯಾತ್ಮ ಒಂದು ಸಲವೂ ಒತ್ತಲಿಲ್ಲ. ಡಾಕ್ಟರು ಹುಬ್ಬು ಗಂಟಿಕ್ಕಿ ಇನ್ನೊಂದು ಪರೀಕ್ಷೆ ಹೇಳಿದರು. "ಇದ್ರಲ್ಲಿ ನೀವೇನೂ ಮಾಡೋ ಹಾಗಿಲ್ಲ, ಕಣ್ಮುಚ್ಚಿ ಮಲಗಿದ್ರೆ ಸಾಕು" ಎಂದು ಅವನ ಕಿವಿಯ ಹತ್ತಿರ ಕೂಗಿದರು. ಅವನು ಧಾರಾಳವಾಗಿ ಒಪ್ಪಿದ. ಸುಮ್ಮನಿರುವುದರಲ್ಲಿ ಅವನನ್ನು ಸೋಲಿಸುವವರು ಯಾರು!

ಟೆಕ್ನಿಷಿಯನ್ ಹುಡುಗಿ ಹಣೆಗೂ ಕಿವಿಗಳ ಹಿಂದೆಯೂ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಟ್ಟಳು. ಅವನು ಕೊರಡಿನಂತೆ ಮಲಗಿದ. ಮಿದುಳು ಮಾತ್ರ ಸುಮ್ಮನಿರಲಿಲ್ಲ. ಪರದೆಯ ಮೇಲಿನ ಗೆರೆಯಲ್ಲಿ ಸಣ್ಣ ಸಣ್ಣ ಗುಡ್ಡಗಳು ಎದ್ದವು. ಹುಡುಗಿ ಸದ್ದು ತಗ್ಗಿಸಿದಳು, ಇನ್ನೂ ತಗ್ಗಿಸಿದಳು. ಕೊನೆಯ ಗುಡ್ಡ ಕುಗ್ಗಿತೇ ಹೊರತು ಅಳಿಯಲಿಲ್ಲ.

"ಒಳ್ಳೆ ಸುದ್ದಿ ಅಮ್ಮ!" ಹುಡುಗಿಯ ಮುಖ ಅರಳಿತು. "ಸದ್ದು ಮಿದುಳಿನವರೆಗೂ ಸಲೀಸಾಗಿ ಹೋಗ್ತಿದೆ. ಪಿಸುಮಾತೂ ಕೇಳ್ಸುತ್ತೆ ಇವ್ರಿಗೆ. ಈ ಕಿವಿಗೆ ಯಾವತ್ತೂ ಏನೂ ಆಗಿಲ್ಲ."

ಹೆಂಡತಿ ಕೈಚೀಲವನ್ನು ಬೆಂಚಿನ ಮೇಲೇ ಬಿಟ್ಟು ಗಂಡನ ಮಂಚದ ಬಳಿಗೆ ಬಂದಳು. ಅಯ್ಯೋ, ಈ ಮನುಷ್ಯನಿಗಾಗಿ ಒಡಹುಟ್ಟಿದವಳ ಜೊತೆ ಮಾತು ಬಿಟ್ಟಿದ್ದಳಲ್ಲ! ಹುಡುಗಿ ಡಾಕ್ಟರನ್ನು ಕರೆಯಲು ಹೊರಗೆ ಹೋದಳು. ಅವನು ಇನ್ನೂ ನಿದ್ದೆಯ ನಟನೆಯಲ್ಲೇ ಇದ್ದ. ವರ್ಷವಿಡೀ ಗಂಟಲು ಹರಿಯುವಂತೆ ಕಿರುಚಿ ಮಾತಾಡಿದ್ದವಳು ಅವನತ್ತ ಬಾಗಿ ಮೆಲ್ಲಗೆ ಕೇಳಿದಳು.

"ಅವತ್ತು ಬಾಗ್ಲಲ್ಲಿ ನಿಂತು ಏನಂತ ಕೂಗಿದ್ಲು?"

ಅವನು ಕಣ್ಣು ತೆರೆಯದೆಯೇ ಹೇಳಿದ.

"ಅಮ್ಮಾ ಅಂತ. ಅಪ್ಪಾ ಅಂದಿದ್ರೆ ತೆಗೀತಿದ್ದೆ."