ಬಾಣ ತಗುಲದ ವೃತ್ತ

ಹಯವದನ ರಾಯರು ನಾಗಪುರದ ಕನ್ನಡ ಸಂಘದ ನೋಟಿಸ್ ಬೋರ್ಡಿಗೆ ಏನನ್ನೂ ಓದಿ ಅಂಟಿಸುವವರಲ್ಲ, ಮುದ್ರೆ ಒತ್ತಿ ಅಂಟಿಸುವವರು. ಕಳೆದ ಭಾನುವಾರ ಮೃದುಲಾ ಮೇಜಿನ ಮೇಲೆ ಮರೆತುಹೋಗಿದ್ದ ಹಾಳೆಯಲ್ಲಿ ವೃತ್ತ, ಬಾಣ ಕಂಡದ್ದೇ ತಡ, ಅದು ರಾಜ್ಯೋತ್ಸವದ ಸಮಿತಿಯ ಪಟ್ಟಿಯೆಂದು ಈ ಸಹಕಾರ್ಯದರ್ಶಿಗಳು ತೀರ್ಮಾನಿಸಿದ್ದರು. ಈ ಭಾನುವಾರ ಅವಳು ಬಂದಾಗ ಹಾಳೆ ನೇರಳೆ ಮುದ್ರೆ ಹೊತ್ತು ಬೋರ್ಡಿನ ನಡುವೆ ರಾರಾಜಿಸುತ್ತಿತ್ತು.

ಅದು ಆಟದ ನಕ್ಷೆ. ಊರಂಚಿನ ಹಿಂಗಣಾದ ಕಾರ್ಖಾನೆಗಳಿಂದ ಬೈಕಿನಲ್ಲಿ ಬರುವ ನಾಲ್ವರನ್ನು ಕೂರಿಸಿಕೊಂಡು ಅವಳು ಭಾನುವಾರ ಸಂಘದ ಸಭಾಂಗಣದಲ್ಲಿ ಪಾತ್ರದಾಟ ನಡೆಸುತ್ತಿದ್ದಳು. ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡಿ ದಾಳ ಉರುಳಿಸಿದಂತೆ ಕಥೆ ಸಾಗುತ್ತದೆ. ಯಾರಿಗೆ ಯಾರ ಮೇಲೆ ಏನಿದೆ ಎಂಬುದು ತಪ್ಪದಿರಲು ಪಾತ್ರಕ್ಕೊಂದು ವೃತ್ತ, ಅದರೊಳಗೆ ಹೆಸರು, ಗುಣ, ವೃತ್ತದಿಂದ ವೃತ್ತಕ್ಕೆ ಬಾಣ, ಬಾಣದ ಮೇಲೆ ಒಂದೇ ಪದ: ಭಯ, ಆಸೆ, ಹೊಟ್ಟೆಕಿಚ್ಚು.

ಪಾತ್ರಗಳಿಗಾಗಿ ಅವಳು ದೂರ ಹೋಗಿರಲಿಲ್ಲ. ಪಕ್ಕದ ಕೋಣೆಯಲ್ಲೇ ಸಮಿತಿ ಸಭೆ ನಡೆಯುತ್ತಿತ್ತು, ಗೋಡೆ ತೆಳು. ಮೈಕು ಬಿಡದ ಮುದಿ ರಾಜ, ಅವನ ಪ್ರತಿ ಶಾಲಿಗೂ ಕಣ್ಣು ಕೆಂಪಾಗಿಸುವ ರಾಜಮಾತೆ, ಇಬ್ಬರಿಗೂ ತಲೆಯಾಡಿಸುವ ದ್ವಾರಪಾಲಕ. ಹೆಸರು ಬದಲಿಸಿದರೆ ಸಾಕೆಂದುಕೊಂಡಿದ್ದಳು.

ಮುಂದಿನ ವರ್ಷ ಸಭಾಂಗಣ ಅವಳಿಗೆ ಕೊಡಬೇಕೇ ಬೇಡವೇ ಎಂಬುದು ಇಂದೇ ತೀರ್ಮಾನವಾಗಬೇಕಿತ್ತು. ಬೆಂಗಳೂರಿನಿಂದ ನಾಗಪುರಕ್ಕೆ ಬಂದ ಎಂಟು ತಿಂಗಳಲ್ಲಿ ಅವಳಿಗೆ ಸಿಕ್ಕ ಗೆಳೆಯರೆಲ್ಲ ಆ ಮೇಜಿನ ಸುತ್ತಲೇ ಇದ್ದರು. ಹಾಳೆಯ ಪಿನ್ನಿಗೆ ಕೈಹಾಕುವಷ್ಟರಲ್ಲಿ ಸಮಿತಿ ಹಿಂದೆ ಬಂದು ನಿಂತಿತ್ತು.

"ಈ ರಾಜ ನಾನೇ ತಾನೇ?" ಅಧ್ಯಕ್ಷ ಗೋವಿಂದರಾಜು ಕೇಳಿದರು.

"ಆಟದ ಪಾತ್ರ ಸರ್. ಕಾಲ್ಪನಿಕ."

"ಮೈಕ್ ಬಿಡಲ್ಲ ಅಂತ ಬರ್ದಿದೀಯಲ್ಲಮ್ಮ, ಇನ್ಯಾರು?" ಅವರು ಬಾಣಗಳ ಮೇಲೆ ಬೆರಳಾಡಿಸಿದರು. "ನನ್ನ ಕಡೆಗೇ ಏಳು! ಅದ್ರಲ್ಲಿ ನಾಲ್ಕು ಭಯ!" ಮುಖ ಸನ್ಮಾನದ ದಿನದಂತೆ ಅರಳಿತು. "ನೋಡಿದ್ರಾ ವತ್ಸಲಾ? ಹೊಸಬರಿಗೂ ಗೊತ್ತಾಗಿದೆ."

"ನಂಗೆ ಮೂರೇನಾ?" ಕಾರ್ಯದರ್ಶಿ ವತ್ಸಲಾ ಗುಡುಗಿದರು. "ಹೊಟ್ಟೆಕಿಚ್ಚಿನವಳು ಅಂದಿದೀಯ, ಅದನ್ನ ಆಮೇಲೆ ನೋಡ್ಕೋತೀನಿ. ಹದಿನಾಲ್ಕು ವರ್ಷ ದುಡಿದಿದೀನಿ ಕಣೇ ಇಲ್ಲಿ. ನನ್ನ ಕಂಡ್ರೆ ಮೂರೇ ಜನಕ್ಕೆ ಏನಾದ್ರೂ ಅನ್ಸೋದು?"

ಮೃದುಲಾ ಪೆನ್ನು ತೆಗೆದು ರಾಜಮಾತೆಯ ಕಡೆಗೆ ಐದು ಬಾಣ ಎಳೆದಳು. ರಾಜ ಕೆಮ್ಮಿದ. ಅವನಿಗೆ ಇನ್ನೆರಡು. ಹತ್ತು ನಿಮಿಷದಲ್ಲಿ ಇಡೀ ರಾಜ್ಯ ಆ ಇಬ್ಬರಿಗೆ ಹೆದರಿ ನಡುಗತೊಡಗಿತು, ಸಭಾಂಗಣವೂ ಮಂಜೂರಾಯಿತು. ಇಬ್ಬರೂ ಚಹಾಕ್ಕೆ ನಡೆದರು.

ಆದರೆ ಸಭಾಂಗಣದ ಬೀಗದ ಕೈ ಹಯವದನ ರಾಯರ ಹತ್ತಿರ. ಅವರು ಬೋರ್ಡಿನ ಮುಂದೆ ನಿಂತೇ ಇದ್ದರು.

"ಈ ಮೂಲ್ಯಾಗಿನ ದ್ವಾರಪಾಲಕ ನಾನ ಹೌದಲ್ರೀ? ನನ್ನಿಂದ ಎರಡು ಬಾಣ ಹೊಂಟಾವು, ಬರೋಬರ್ ಐತಿ. ನನ್ನ ಕಡೆ ಒಂದೂ ಬಂದಿಲ್ಲ ನೋಡ್ರಿ. ಅಂಥವರನ್ನ ಏನ್ ಮಾಡ್ತೀರಿ ನಿಮ್ಮ ಆಟದಾಗ?"

ಬಾಣ ಬಾರದ ಪಾತ್ರವನ್ನು ಅಳಿಸಿಹಾಕುತ್ತೇವೆ ಎಂಬುದು ನಿಯಮ. ಅವಳು ಅದನ್ನು ನುಂಗಿಕೊಂಡಳು. "ಒಂದು ಬರೀತೀನಿ ರಾಯರೇ. ಗೌರವ ಅಂತ ಹಾಕಲಾ?"

"ಖೊಟ್ಟಿ, ಸುಳ್ಳ ಬರೀಬ್ಯಾಡ್ರಿ. ಇಪ್ಪತ್ತು ವರ್ಷ ಈ ಬಾಗಲಾ ತೆಗದೀನಿ. ಗೌರವ ಯಾರೂ ಕೊಟ್ಟಿಲ್ಲ."

ಕೀಲಿಗೊಂಚಲು ಅವರ ಮುಷ್ಟಿಯೊಳಗೆ ಬಿಗಿಯಾಗಿತ್ತು. ಅದು ಹಾಗೇ ಸೊಂಟಕ್ಕೆ ಮರಳಿದರೆ ಭಾನುವಾರದ ಆಟ ಮುಗಿಯಿತು. ಮೃದುಲಾ ಹಾಳೆಯ ಅಂಚಿನಲ್ಲಿ ಒಂದು ಪುಟ್ಟ ವೃತ್ತ ಬರೆದು ಅದರೊಳಗೆ ತನ್ನ ಹೆಸರು ಹಾಕಿದಳು. ಅಲ್ಲಿಂದ ದ್ವಾರಪಾಲಕನ ತನಕ ಬಾಣ ಎಳೆದು, ಆ ಹಾಳೆಯಲ್ಲೇ ಮೊದಲ ಬಾರಿಗೆ, ತನಗೆ ನಿಜವಾಗಿ ಅನ್ನಿಸಿದ್ದನ್ನು ಬರೆದಳು: ಭಯ.

ರಾಯರು ಓದಿದರು. ಎರಡು ಸಲ ಓದಿದರು.

"ನನ್ನ ಕಂಡು? ಅಂಜಿಕಿ?"

"ಹೌದು. ಈಗ, ತುಂಬಾ."

ಅವರು ಜೇಬಿನಿಂದ ಮುದ್ರೆ ತೆಗೆದು, ಬಾಯಿಂದ ಊದಿ, ಬಾಣದ ಮೇಲೇ ಒತ್ತಿದರು. ಸಭಾಂಗಣದ ಬಾಗಿಲು ತೆರೆಯಿತು. ಅವಳು ಕೀಲಿಗೆ ಕೈ ಚಾಚಿದಾಗ ಗೊಂಚಲು ಮತ್ತೆ ಅವರ ಸೊಂಟಕ್ಕೇ ಹೋಯಿತು.

"ಕೀಲಿ ನನ್ನ ಹತ್ರ ಇರಲಿ. ಪ್ರತಿ ಐತವಾರ ಬಂದು ಕೇಳ್ರಿ," ಎಂದರು ರಾಯರು. "ಹೀಂಗ, ಅಂಜಕೋತ."