ಬೆನೆಡಿಕ್ಟಾ ಟೀಚರ್ ಮಂತ್ರಿಯನ್ನು ಬಲಿ ಕೊಡಲಿಲ್ಲ

೧
ಹೇಗೆ ಶುರು ಮಾಡಲಿ? ನಿಮ್ಜೊವಿಚ್ ಎಂಬ ಚದುರಂಗದ ಮಾಸ್ಟರ್ ರೀಗಾದಲ್ಲಿ ಹುಟ್ಟಿದ ಎಂದರೆ ನೀವು ಪುಟ ಮಗುಚುತ್ತೀರಿ. (ನಾನಾದರೂ ಅಷ್ಟೇ.) ಕಾಪುವಿನಿಂದಲೇ ಶುರು ಮಾಡೋಣ. ೧೯೬೨. ಅಲ್ಲಿನ ಶಾಲೆಯ ಗಣಿತದ ಬೆನೆಡಿಕ್ಟಾ ಟೀಚರ್, ಬೊಂಬಾಯಿಯಿಂದ ಅಣ್ಣ ಲಿಯೋನೆಲ್ ಕಳಿಸುವ ಪತ್ರಿಕೆಗಳಲ್ಲಿ ನಿಮ್ಜೊವಿಚ್‌ನ ಆಟಗಳನ್ನು ಓದಿ ಓದಿ ಚದುರಂಗ ಕಲಿತವಳು. ಕಾರ್ಕಳದ ಸ್ಪರ್ಧೆಯಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ತನಗೂ ಆಡಲು ಬಿಡಿ ಎಂದು ಕೇಳಲು ಅವಳು ಸ್ಪರ್ಧೆ ನಡೆಸುವ ವಕೀಲ ಮಧ್ವರಾಜರ ಬನ್ನಂಜೆಯ ಮನೆಗೇ ಹೋದಳು.

"ಮೊದಲು ನನ್ನನ್ನು ಸೋಲಿಸಿ ಟೀಚರೇ, ಮತ್ತೆ ನೋಡುವ," ಎಂದರು ವಕೀಲರು.

೨ (ಹರಿದ ಕರಡು)
ಜನ ಉಸಿರು ಬಿಗಿಹಿಡಿದರು. ಬೆನೆಡಿಕ್ಟಾ ತನ್ನ ಮಂತ್ರಿಯನ್ನೇ ಬಲಿಕೊಟ್ಟು...

"ಎಂತ ಬರೆಯುತ್ತಿದ್ದೀರಿ?" ಎಂದಳು ಅವಳು, ನನ್ನ ಕರಡಿನೊಳಗಿಂದಲೇ. "ಮಂತ್ರಿಯನ್ನು ನಾನು ಯಾಕೆ ಕೊಡಬೇಕು?"

"ಓದುಗರಿಗೆ ಥ್ರಿಲ್ ಬೇಕಲ್ಲ," ಎಂದೆ.

"ಹಾಗಾದರೆ ವಕೀಲರ ಕಡೆಯಿಂದ ನೀವೇ ಆಡಿ. ಅವರು ಮಾಡಲು ಹೊರಟದ್ದನ್ನು ನಾನು ಮೊದಲು ತಡೆಯುತ್ತೇನೆ. ನನ್ನ ದಾಳಿಗೆ ಆಮೇಲೆ ಪುರುಸೊತ್ತು ಉಂಟು."

೪
(ಮೂರರಲ್ಲಿ ಬರೀ ಥಿಯರಿ ಇತ್ತು. ಉಳಿಸಿದ್ದು ಇಷ್ಟೇ: ಹಲಗೆಯ ನಡುಭಾಗವನ್ನು ಕಾಲಾಳುಗಳಿಂದ ತುಂಬಿಸಿ ಎಂದು ಪಂಡಿತರು ಹೇಳುತ್ತಿದ್ದಾಗ, ದೂರದಿಂದ ಹಿಡಿತವಿಟ್ಟರೂ ಸಾಕು ಎಂದವನು ನಿಮ್ಜೊವಿಚ್. ಮೊದಲು ನಕ್ಕವರಿದ್ದರು, ಮುಂದಿನ ಪೀಳಿಗೆ ಹಾಗೆಯೇ ಆಡಿತು.)

ವಕೀಲರ ಕಾಲಾಳು ಮುನ್ನುಗ್ಗಿತು. ಬೆನೆಡಿಕ್ಟಾಳ ಕುದುರೆ ಅದರ ಮುಂದೆ ಬಂದು ನಿಂತಿತು. ವಕೀಲರು ತಮ್ಮ ಆನೆಗೆ ದಾರಿ ಹುಡುಕಿದರು. ಅದನ್ನೂ ಅವಳು ಆಗಲೇ ಮುಚ್ಚಿದ್ದಳು. ಅವಳ ಮುಖ ತರಗತಿಯಲ್ಲಿದ್ದಂತೆಯೇ ಇತ್ತು. ಕೊನೆಗೆ ವಕೀಲರ ಬಳಿ ಕಾಯಿಗಳೇನೋ ಬೇಕಾದಷ್ಟಿದ್ದವು. ಆದರೆ ಯಾವುದನ್ನು ಸರಿಸಿದರೂ ಏನೋ ಒಂದು ಕುಸಿಯುತ್ತಿತ್ತು. ಸರದಿ ಬಂದಾಗ ಸರಿಸದೆ ಇರುವ ಹಾಗೂ ಇಲ್ಲ.

"ಕೋರ್ಟಿನಲ್ಲೂ ಇವರು ಇಷ್ಟು ಹೊತ್ತು ಸುಮ್ಮನೆ ಕೂತದ್ದಿಲ್ಲ," ಎಂದು ಕಾಫಿ ತಂದ ವಕೀಲರ ಹೆಂಡತಿ ಸುಭಾಷಿಣಿ ನಕ್ಕರು.

"ಟೀಚರು ನನಗೆ ಎಂತದೂ ಮಾಡಲಿಲ್ಲ ಮಾರಾಯ್ತಿ! ಆಡಲಿಕ್ಕೇ ಬಿಡಲಿಲ್ಲ, ಅಷ್ಟೇ."

ಮಧ್ವರಾಜರು ತಾವೂ ನಕ್ಕುಬಿಟ್ಟರು. ತಮ್ಮ ರಾಜನನ್ನು ಹಲಗೆಯ ಮೇಲೆ ಮಲಗಿಸಿದರು. "ಆದಿತ್ಯವಾರ ಕಾರ್ಕಳಕ್ಕೆ ಬನ್ನಿ ಟೀಚರೇ. ಕಮಿಟಿಯವರ ಹತ್ತಿರ ನಾನು ಮಾತಾಡುತ್ತೇನೆ." ಹೇಳಿದಂತೆ ಮಾತಾಡಿ ಒಪ್ಪಿಸಿಯೂ ಬಿಟ್ಟರು.

೫
ಆದಿತ್ಯವಾರ ಅವಳು ಕಾರ್ಕಳದ ಬಸ್ಸು ಹತ್ತಿದಳು. ಈಗ ಎರಡು ಮುಕ್ತಾಯಗಳಿವೆ. ಅ: ಗೆಲುವಿನ ಕಪ್ ಅವಳಿಗೆ. ಆ: ಮೊದಲ ಸುತ್ತಲ್ಲೇ ಸೋಲು. ಬಸ್ಸಿನ ಕಿಟಕಿಯ ಹೊರಗೆ ನಿಂತು ನಾನು ಅವಳನ್ನೇ ಕೇಳಿದೆ: "ಯಾವುದು ಬರೆಯಲಿ?"

"ಎರಡೂ ಬೇಡ. ಆಡಲಿಕ್ಕೆ ಹೋಗುತ್ತಿರುವುದು ನಾನು, ಅಲ್ವಾ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಕಾರ್ಕಳದ ದಾರಿ ಹಿಡಿಯಿತು. ನನಗೆ ಸೀಟು ಸಿಗಲಿಲ್ಲ.