ಕೆಂಪ್ಯಾನ ಉಪವಾಸ

ನಾಯಿಯನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿ ಟೆಂಟಿನಲ್ಲಿ ಮಲಗುವುದು ಕೆಲಸವಿಲ್ಲದವರ ಕೆಲಸ ಎಂದು ಮಗಳಿಗೆ ಫೋನಿನಲ್ಲಿಯೇ ಬೈದೆ. ಅನುರಾಧಾ ನನ್ನ ಮಗಳೇ, ಬೈಗುಳಕ್ಕೆ ಬಗ್ಗುವವಳಲ್ಲ.

"ಡಾಕ್ಟರ್ ಏನಂದ್ರು ಅಪ್ಪಾ? ಜಾಗ ಬದಲಿ ಮಾಡ್ರಿ ಅಂದ್ರೋ ಇಲ್ಲೋ? ನಾ ಬುಕ್ ಮಾಡೀನಿ. ಒಂದಿನ ಗುಡ್ಡ, ಒಂದಿನ ಕೆರಿ. ನೀ ಹೋಗಲಿಲ್ಲಂದ್ರ, ಕೆಂಪ್ಯಾ ಸತ್ತ ಮ್ಯಾಲೆ ನನಗ ಖಬರ ಕೊಡಬ್ಯಾಡ."

ಫೋನು ಇಟ್ಟುಬಿಟ್ಟಳು.

ಸಾಯುವ ಮಾತು ಸುಳ್ಳಾಗಿರಲಿಲ್ಲ. ಕೆಂಪ್ಯಾನ ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿದ್ದವು. ಬೆಟಗೇರಿಯ ನಮ್ಮ ಮನೆಗೆ ಮರಿಯಾಗಿ ಬಂದ ಬೀದಿ ನಾಯಿ ಅದು. ನನ್ನ ತೋಳು ಸೋತು ಸೀರೆ ನೇಯುವುದು ಆಗದೆ ಹೋದಾಗ ಮಗ್ಗ ಕಿತ್ತೆವು, ಕಾಲು ಇಳಿಬಿಟ್ಟು ಕೂತು ನೇಯುವ ಅದರ ಕುಣಿ ಮುಚ್ಚಿ ಮೇಲೆ ಸಿಮೆಂಟು ಬಳಿದೆವು. ನಾನು ಗದಗಿನ ಬಟ್ಟೆ ಅಂಗಡಿಯೊಂದಕ್ಕೆ ಹೋಗತೊಡಗಿದೆ. ಹೆಂಡತಿ ಬನಶಂಕರೆವ್ವ ರೆಡಿಮೇಡ್ ಅಂಗಿ ಹೊಲಿಯುವ ಕಡೆ ಸೇರಿದಳು. ಅಂದಿನಿಂದ ಕೆಂಪ್ಯಾ ರೊಟ್ಟಿಯ ಮುಂದೆ ಕೂತು ನಮ್ಮ ಮುಖ ನೋಡುತ್ತಿತ್ತು, ಮೂಸುತ್ತಿತ್ತು, ಎದ್ದು ಹೋಗುತ್ತಿತ್ತು. ಬಾಯಿಗೆ ಹಿಡಿದು ಹಾಲು ಹಾಕಿದರೆ ಅಷ್ಟಿಷ್ಟು ಒಳಗೆ ಹೋಗುತ್ತಿತ್ತು. ಪಶು ವೈದ್ಯರು ಎಲ್ಲ ತಪಾಸಣೆ ಮಾಡಿ, "ಮೈಯಾಗ ಏನೂ ಇಲ್ಲ. ಮನಸ್ಸಿಗೆ ಹಚ್ಚಿಕೊಂಡೈತಿ. ಹಿಂಗ ಬಿಟ್ರ ಉಳಿಯೂದಿಲ್ರಿ" ಎಂದಿದ್ದರು.

ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳುವುದಿಲ್ಲ. ಟಂಟಂ ಆಟೋ ಮಾಡಿಕೊಂಡು ಗುಡ್ಡದ ಹತ್ತಿರದ ಡೋಣಿ ಎಂಬ ಊರಿಗೆ ಹೋದೆವು. ಬನಶಂಕರೆವ್ವ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಕಟ್ಟಿಕೊಂಡಿದ್ದಳು. ದಾರಿಯುದ್ದಕ್ಕೂ ನಾನು ಮಗಳನ್ನು ಬೈದೆ, ಹೆಂಡತಿ ನಾಯಿಯ ತಲೆ ಸವರಿದಳು.

ಗುಡ್ಡ ಕಂಡ ಮೇಲೆ ನನ್ನ ಬಾಯಿ ತಾನಾಗಿ ಮುಚ್ಚಿತು. ಬೆಟಗೇರಿಯಲ್ಲಿ ಹುಟ್ಟಿ ಇಷ್ಟು ವರ್ಷವಾದರೂ ಕಪ್ಪತಗುಡ್ಡವನ್ನು ದೂರದ ಒಂದು ಗೆರೆಯಾಗಿ ನೋಡಿದ್ದೆ ಅಷ್ಟೆ. ಹತ್ತಿರ ಹೋದರೆ ಅದು ಒಂದು ಗುಡ್ಡವಲ್ಲ, ಒಂದರ ಬೆನ್ನಿಗೆ ಒಂದು ಮಲಗಿದ ಎಮ್ಮೆಗಳ ಹಿಂಡು. ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಗಾಳಿಯಲ್ಲಿ ಹೆಸರು ಗೊತ್ತಿಲ್ಲದ ಯಾವುದೋ ಬೇರಿನ ವಾಸನೆ. ನೆತ್ತಿಯ ಮೇಲೆ ಕರೆಂಟು ಮಾಡುವ ದೊಡ್ಡ ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು.

ಗುಡ್ಡದ ಬುಡದಲ್ಲಿ ಕಳಕೇಶ ಎಂಬವನ ಹೊಲ. ಬೆಳೆ ಕೊಯ್ದ ಮೇಲೆ ಬೇವಿನ ಗಿಡಗಳ ಕೆಳಗೆ ಟೆಂಟು ಹಾಕಿ, ನಾಯಿ ತರುವವರಿಗೆ ಬಾಡಿಗೆ ಕೊಡುತ್ತಾನೆ. ನಮಗಿಂತ ಮೊದಲೇ ಬೆಳ್ಳಟ್ಟಿಯ ಅಂದಪ್ಪ ಎಂಬ ರೈತ ಬಂದಿಳಿದಿದ್ದ. ಅವನ ಜೊತೆ ತೆಳು ಸೊಂಟದ, ಉದ್ದ ಕಾಲಿನ ಎರಡು ಬೇಟೆ ನಾಯಿಗಳು.

"ಸ್ವಂತ ಹೊಲ ಇಟ್ಕೊಂಡು ಮಂದಿ ಹೊಲದಾಗ ಮಲಗಾಕ ಬಂದೀರೇನ್ರಿ?" ಎಂದೆ.

"ನನ್ನ ಹೊಲದಾಗ ಹಂದಿ ಕಾಯಬೇಕ್ರಿ. ಇಲ್ಲಿ ಬರೇ ಮಲಗೋದು. ಇವಕ್ಕೂ ಒಂದಿನ ರಜಾ ಬ್ಯಾಡೇನು?"

ಅವನ ನಾಯಿಗಳನ್ನು ನೋಡಿ ನಾನು ಬೆರಗಾದೆ. ಮುಂದೆ ಅನ್ನ ಇಟ್ಟರೂ ಜೊಲ್ಲು ಸುರಿಸುತ್ತ ಕೂತಿರುತ್ತಿದ್ದವು. ಅಂದಪ್ಪ "ಹೂಂ" ಅಂದ ಮೇಲೆಯೇ ಬಾಯಿ ಹಾಕುತ್ತಿದ್ದವು, ಹಾಕಿದರೆ ತಾಟು ತೊಳೆಯುವುದು ಬೇಕಿರಲಿಲ್ಲ. ನನ್ನದು ಮೊಸರು ರೊಟ್ಟಿ ಮೂಸಿ ಮುಖ ತಿರುಗಿಸಿತು.

"ನಿಮ್ಮದು ಯಾವ ದೇವರಿಗೆ ಹರಕಿ ಹೊತ್ತೈತ್ರಿ?" ಅಂದಪ್ಪ ನಕ್ಕ.

"ನಿನ್ನ ನಾಯಿ ತಿಂದಿದ್ದು ನೋಡೇ ಅದಕ್ಕ ಹೊಟ್ಟಿ ತುಂಬಿರಬೇಕು," ಎಂದು ಬಹುವಚನ ಬಿಟ್ಟೇ ಹೇಳಿದೆ. ಅವನು ಇನ್ನೂ ಜೋರಾಗಿ ನಕ್ಕ. ಒಳ್ಳೆಯ ಮನುಷ್ಯ.

ಹೊತ್ತು ಇಳಿಯುವಾಗ ನೋಡಿದರೆ ಕೆಂಪ್ಯಾ ಇಲ್ಲ. ಹಗ್ಗದಿಂದ ಕುತ್ತಿಗೆ ನುಣುಚಿಕೊಂಡಿತ್ತು, ಅಷ್ಟು ಬಡವಾಗಿತ್ತು. ಗುಡ್ಡದಲ್ಲಿ ತೋಳ ಇವೆ, ಕತ್ತೆಕಿರುಬ ಇವೆ. ನಾನು ಕಳಕೇಶನ ಮೇಲೆ ಕೂಗಾಡಿದೆ. ಅವನು ಬಡಿಗೆ ಹಿಡಿದು ಮುಂದೆ ನಡೆದ. ಎಲ್ಲಕ್ಕಿಂತ ಕೆಳಗಿನ ಫ್ಯಾನಿನ ಬುಡದ ಕಟ್ಟೆಯ ಮೇಲೆ ಕೆಂಪ್ಯಾ ಸಿಕ್ಕಿತು. ಮೇಲೆ ರೆಕ್ಕೆ ಸುಂಯ್, ಸುಂಯ್ ಎಂದು ಒಂದೇ ತಾಳದಲ್ಲಿ ತಿರುಗುತ್ತಿತ್ತು. ನಾಯಿ ಕಾಲು ಚಾಚಿ ಗಾಢ ನಿದ್ದೆ ಹೊಡೆಯುತ್ತಿತ್ತು.

ನನಗೆ ಎಲ್ಲ ತಿಳಿದು ಹೋಯಿತು.

"ಮಗ್ಗದ ಸಪ್ಪಳ! ಅದು ನಿಂತಿದ್ದಕ್ಕ ಇದು ಹಿಂಗಾಗೈತಿ. ರೊಟ್ಟಿ ತಾ, ಇಲ್ಲೇ ತಿಂತೈತಿ ನೋಡು!"

ಬನಶಂಕರೆವ್ವ ರೊಟ್ಟಿ ಮುರಿದು ಮೊಸರಿನಲ್ಲಿ ನೆನೆಸಿ ಇಟ್ಟಳು. ಕೆಂಪ್ಯಾ ಎದ್ದು ಮೂಸಿತು, ನಮ್ಮಿಬ್ಬರ ಮುಖ ನೋಡಿತು, ಮತ್ತೆ ಮಲಗಿತು.

"ಆತಲ್ಲ, ನಿದ್ದಿಗೆ ಔಷಧ ಸಿಕ್ತು," ಎಂದಳು ಅವಳು. "ಹೊಟ್ಟಿಗೆ ಏನು ಮಾಡ್ತೀರಿ? ಮಾಳಗಿ ಮ್ಯಾಲೆ ಇಂಥಾದ್ದೊಂದು ಫ್ಯಾನ್ ಹಾಕಸ್ರಿ."

ಸಿಟ್ಟಿನಲ್ಲೇ ನಾಯಿಯನ್ನು ಹೆಗಲ ಮೇಲೆ ಹೊತ್ತು ಇಳಿಸಿದೆ. ಭಾರವೇ ಇರಲಿಲ್ಲ. ಆ ಭಾರವಿಲ್ಲದಿರುವುದೇ ನನ್ನನ್ನು ಹೆದರಿಸಿತು.

ಬೆಳಗ್ಗೆ ಎದ್ದ ಗಾಳಿ ನಮ್ಮ ಟೆಂಟನ್ನು ಗೂಟದಿಂದ ಕಿತ್ತು ಜಾಲಿ ಗಿಡಕ್ಕೆ ಎಸೆಯಿತು. ಬಟ್ಟೆ ಉದ್ದಕ್ಕೆ ಹರಿಯಿತು. ಅದೇ ಟೆಂಟನ್ನು ಆ ದಿನ ಡಂಬಳದ ಕೆರೆ ದಂಡೆಯಲ್ಲಿ ಹಾಕಬೇಕಿತ್ತು. ಕಳಕೇಶ ತಲೆ ಮೇಲೆ ಕೈ ಹೊತ್ತು, ಚೀಲ ಹೊಲಿಯುವ ದಬ್ಬಣ ತಂದ.

"ಕೊಡು ಇಲ್ಲೆ. ಬಟ್ಟಿ ಕೆಲಸ ನಿನ್ನ ಕೈಯಾಗ ಕೊಟ್ರ ಕೆಟ್ಟು ಹೋಗ್ತೈತಿ," ಎಂದು ಕಸಿದುಕೊಂಡೆ.

ಕೆರೆಯ ದಂಡೆಗೆ ಬಂದಾಗ ಬಿಸಿಲು ಏರಿತ್ತು. ಎಂಥ ನೀರು! ಆಚೆ ದಡ ಎಲ್ಲಿ, ಆಕಾಶ ಎಲ್ಲಿ ಎಂದು ತಿಳಿಯದಷ್ಟು ಹರವು. ನೀರಿನ ಅಂಚಿಗೆ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ನಮ್ಮ ಜೊತೆಗೇ ಬಂದಿದ್ದ ಅಂದಪ್ಪನ ಬೇಟೆ ನಾಯಿಗಳು ಅವನ್ನು ನೋಡಿ ಮೈಯೆಲ್ಲ ನಡುಗಿಸಿದವು, ಅವನು ಬಾಯಿಂದ ಚ್ಚು ಎಂದ ಕೂಡಲೇ ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿದವು. ಒಂದು ಹಕ್ಕಿಯೂ ಏಳಲಿಲ್ಲ. ಇಂಥ ನಾಯಿಗೆ ಕೈ ಮುಗಿಯಬೇಕು.

ನಾನು ನೆರಳಿನಲ್ಲಿ ಕೂತು ಹರಿದದ್ದನ್ನು ಹೊಲಿಯತೊಡಗಿದೆ. ಬಟ್ಟೆ ಜಾರುತ್ತಿತ್ತು. ಬನಶಂಕರೆವ್ವ ಎದುರಿಗೆ ಕೂತು ಅಂಚನ್ನು ಎಳೆದು ಹಿಡಿದಳು.

"ಸೊಟ್ಟ ಹೊಂಟೀರಿ."

"ನೀ ಸೊಟ್ಟ ಹಿಡದಿ."

"ಅಂಗಡ್ಯಾಗ ಬಟ್ಟಿ ಮಡಚಿ ಮಡಚಿ ಕಣ್ಣು ಹೋಗ್ಯಾವ ನಿಮ್ಮವು."

"ನಿನ್ನ ನಾಲಿಗಿ ಅಷ್ಟ ಉಳದೈತಿ."

ಜಗಳ ನಡೆದೇ ಇತ್ತು. ಅಷ್ಟರಲ್ಲಿ ನನ್ನ ಮೊಣಕಾಲಿಗೆ ಏನೋ ಬಿಸಿಯಾಗಿ ತಾಗಿತು. ಕೆಂಪ್ಯಾ ಟೆಂಟಿನ ಬಟ್ಟೆಯ ಕೆಳಗೆ ತೂರಿಕೊಂಡು ಬಂದು ನಮ್ಮಿಬ್ಬರ ಕಾಲುಗಳ ನಡುವೆ ಮಲಗಿತ್ತು. ಬಾಲ ನೆಲಕ್ಕೆ ಬಡಿಯುತ್ತಿತ್ತು. ಬನಶಂಕರೆವ್ವ ಒಂದು ಕೈಯಲ್ಲಿ ಅಂಚು ಬಿಡದೆ, ಇನ್ನೊಂದರಿಂದ ಡಬ್ಬಿ ಎಳೆದು ಒಣ ರೊಟ್ಟಿಯ ಚೂರು ಮುಂದೆ ಇಟ್ಟಳು. ಕಟಂ ಎಂದು ಸಪ್ಪಳವಾಯಿತು. ಮತ್ತೊಂದು ಚೂರು. ಮತ್ತೊಂದು.

ಮಗ್ಗವಿದ್ದಾಗ ನಾನು ಕುಣಿಯಲ್ಲಿ ಕೂತು ನೇಯುತ್ತಿದ್ದೆ. ಅವಳು ಎದುರಿಗೆ ರಾಟಿ ಇಟ್ಟುಕೊಂಡು ನೂಲು ಸುತ್ತುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಬಾಯಿ ಜಗಳ. ನಡುವೆ ಈ ನಾಯಿ. ಅದಕ್ಕೆ ಬೇಕಾಗಿದ್ದುದು ಸಪ್ಪಳವಲ್ಲ. ಈಗ ನಾನೊಂದು ಹೊತ್ತಿಗೆ ಮನೆಗೆ ಬರುತ್ತೇನೆ, ಅವಳೊಂದು ಹೊತ್ತಿಗೆ. ಬಂದವರು ಉಂಡು ಮಲಗುತ್ತೇವೆ. ನಾವು ಜಗಳವಾಡಿಯೇ ಎಷ್ಟು ತಿಂಗಳಾಗಿತ್ತೋ! ನಮಗೆ ಅದು ಗೊತ್ತೇ ಆಗಿರಲಿಲ್ಲ. ನಾಯಿ ಅದಕ್ಕಾಗಿ ಅನ್ನ ಬಿಟ್ಟಿತ್ತು.

"ಟೆಂಟ್ ಆತೇನ್ರಿ?" ಕಳಕೇಶ ದೂರದಿಂದ ಕೂಗಿದ.

"ಇನ್ನೂ ಐತಿ," ಎಂದಳು ಬನಶಂಕರೆವ್ವ. ಹೊಲಿಗೆ ಮುಗಿಯಲು ಗೇಣು ದೂರ ಉಳಿದಿತ್ತು. ಆಮೇಲೆ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದಳು, "ನಮ್ಮ ಮಾಲಕರು ಮನಿಗೂ ಕೆಲಸ ಕೊಡ್ತಾರ. ಸಂಜಿಕ ಅಂಗಿ ಮನಿಗೆ ತರ್ತೀನಿ. ನಾ ಕಾಲರ್ ಹಚ್ತೀನಿ, ನೀವು ಎದುರಿಗೆ ಕುಂತು ಗುಂಡಿ ಹಚ್ಚರಿ."

ನನ್ನ ಮೈ ಉರಿಯಿತು. "ಏನಂದಿ? ನಾಕು ತಲಿಮಾರಿಂದ ಸೀರಿ ನೇಯ್ದ ಮನಿತನ ನಮ್ಮದು! ಈ ಗೋಪಣ್ಣ ಮಂದಿ ಅಂಗಿಗೆ ಗುಂಡಿ ಹಚ್ಚಬೇಕಾ?"

ನನ್ನ ಕೂಗಿಗೆ ಬೆಳ್ಳಕ್ಕಿಗಳು ಎದ್ದು ಹಾರಿದವು. ಅಂದಪ್ಪನ ನಾಯಿಗಳು ತಲೆ ಎತ್ತಿದವು. ಕೆಂಪ್ಯಾ ಮಾತ್ರ ಕದಲಲಿಲ್ಲ. ನನ್ನ ಪಾದದ ಮೇಲೆ ಗದ್ದ ಊರಿ, ಕಣ್ಣು ಅರ್ಧ ಮುಚ್ಚಿ, ಉಳಿದ ರೊಟ್ಟಿಯನ್ನು ಆರಾಮವಾಗಿ ಅಗಿಯುತ್ತಿತ್ತು.

ನಾನು ದಬ್ಬಣಕ್ಕೆ ದಾರ ಪೋಣಿಸಿದೆ.

"ಎರಡು ತೂತಿನ ಗುಂಡಿಯೋ, ನಾಕು ತೂತಿಂದೋ?"

"ನಾಕು," ಎಂದಳು ಅವಳು, ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತ. "ಅದನ್ನರೆ ಸೊಟ್ಟ ಹಚ್ಚಬ್ಯಾಡ್ರಿ."